ಈರಪ್ಪ ಕಾಕಾನ ಗೋಡೆಯ ಮೇಲೆ ನಮ್ಮ ಮನೆ

ಹೋದ ವರ್ಷದ ಕಾರಹುಣ್ಣಿಮೆ ಮುಗಿದ ಮರುದಿನ. ಮುಧೋಳದ ನಮ್ಮ ಮನೆಯಲ್ಲಿ ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಜಮಖಂಡಿಯಿಂದ ನಮ್ಮಣ್ಣ ಮಲ್ಲಣ್ಣನ ಫೋನ್ ಬಂತು.

"ಗಿರಿಜಾ, ಆಡಿಟರ್ ಕರದಾರ. ನಾಳೆ ಬರೂಮುಂದ ಮನೀದು ಫೋಟೋ ಇದ್ರ ತಗೊಂಡ ಬಾ."

"ಯಾವ ಮನೀದು?"

"ಬನಹಟ್ಟಿ ಮನೀದು, ಮತ್ಯಾವ್ದು?"

"ಆ ಮನಿ ಈಗ ಎಲ್ಲೈತೋ ಅಣ್ಣಾ?"

"ಅದಕ್ಕ ಫೋಟೋ ಕೇಳಾಕತ್ತಾರ ಬೇ!" ಎಂದು ಸಿಡುಕಿ ಫೋನ್ ಇಟ್ಟ.

ನಾನು ಮೊದಲೇ ಕೂತಲ್ಲಿ ಕೂರುವವಳಲ್ಲ. ಪತ್ತಿನ ಸಂಘದಲ್ಲಿ ಕ್ಲಾರ್ಕ್ ಆಗಿ ಇಷ್ಟು ವರ್ಷವಾದರೂ ಕುರ್ಚಿಯಲ್ಲಿ ಕೂತದ್ದಕ್ಕಿಂತ ಎದ್ದು ಓಡಾಡಿದ್ದೇ ಹೆಚ್ಚು. ಮನೆಯಲ್ಲಿ ನಮ್ಮವರು "ನಿನಗ ಕಾಲಾಗ ಚಕ್ರ ಅದಾವ" ಅಂತ ನಗುತ್ತಾರೆ. ಅಂಥದ್ದರಲ್ಲಿ ಈ ಫೋನ್ ಬಂದ ಮೇಲೆ ಕೇಳಬೇಕೆ? ಅವತ್ತು ಸಂಘದಲ್ಲಿ ಯಾರದೋ ಪಾಸ್‌ಬುಕ್ಕಿನಲ್ಲಿ ಯಾರದೋ ಹೆಸರು ಬರೆದು ಬೈಸಿಕೊಂಡೆ.

ನಮ್ಮ ಮನೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಬನಹಟ್ಟಿಯ ನೇಕಾರರ ಓಣಿಯಲ್ಲಿದ್ದ ಆ ಮನೆ ನಮ್ಮಜ್ಜನ ಹೆಸರಿನಲ್ಲಿತ್ತು. ಅಜ್ಜನಿಗೆ ಇಬ್ಬರೇ ಮಕ್ಕಳು: ನಮ್ಮಪ್ಪ, ಅಪ್ಪನ ತಂಗಿ ನೀಲವ್ವ. ನೀಲವ್ವತ್ತಿ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಕ್ಕಳಿಲ್ಲ. ಅಪ್ಪನ ಜೋಡಿ ಮಗ್ಗದ ಕೆಲಸ ಮಾಡುತ್ತ, ನಮ್ಮನ್ನೆಲ್ಲ ಬೆಳೆಸುತ್ತ ಅಲ್ಲೇ ಉಳಿದಳು. ಅವ್ವ ಮೊದಲೇ ಹೋಗಿದ್ದಳು, ಅಪ್ಪನೂ ತೀರಿಕೊಂಡ ಮೇಲೆ ಮನೆ ಮಾರುವುದೆಂದಾಯಿತು. ಮಾಳಿಗೆ ಮಣ್ಣು ಕುಸಿಯುತ್ತಿತ್ತು, ರಿಪೇರಿಗೆ ಯಾರಲ್ಲೂ ತ್ರಾಣವಿರಲಿಲ್ಲ. ಅರ್ಧ ಪಾಲು ಅತ್ತಿಯದು, ಉಳಿದರ್ಧ ನನ್ನದೂ ಅಣ್ಣನದೂ ಎಂದು ವಕೀಲರು ಹೇಳಿದಂತೆ ಮೂವರೂ ಸೇರಿ ಖರೀದಿ ಪತ್ರಕ್ಕೆ ಸಹಿ ಹಾಕಿದೆವು. ತೊಗೊಂಡವರು ನೂಲಿನ ವ್ಯಾಪಾರಿ, ಗೋದಾಮು ಕಟ್ಟುವವರು.

ಅತ್ತಿಯ ಬೇಡಿಕೆ ಒಂದೇ ಇತ್ತು. ಅದೇ ಓಣಿಯಲ್ಲಿ ಎರಡು ಖೋಲಿ, ಅಂದರೆ ಕೋಣೆ, ಲೀಸಿಗೆ ಇದ್ದವು. ಒಮ್ಮೆ ದೊಡ್ಡ ಗಂಟು ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಗಂಟು ವಾಪಸ್. ತನ್ನ ಪಾಲಿನ ಹಣದಲ್ಲಿ ಆ ಖೋಲಿಗಳನ್ನು ಹಿಡಿದು, ಉಳಿದದ್ದರ ಬಡ್ಡಿಯಲ್ಲಿ ಯಾರ ಮುಂದೂ ಕೈಯೊಡ್ಡದೆ ಇದ್ದುಬಿಡಬೇಕು. ಅಲ್ಲಿಯವರೆಗೆ ಮುಧೋಳದಲ್ಲಿ ನನ್ನ ಮನೆಗೆ ಕರೆತಂದಿದ್ದೆ. ಆದರೆ ಅವಳಿಗೆ ನಮ್ಮ ಮನೆ ಒಗ್ಗಲೇ ಇಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಓಡಾಡುತ್ತಿದ್ದಳು. "ಇಲ್ಲಿ ಏನೂ ಸಪ್ಪಳ ಇಲ್ಲ ಬೇ, ಕಿವಿ ಜುಂ ಅಂತಾವ. ಒಂದ ಮಗ್ಗರ ನಡೀಬಾರದ?" ಅನ್ನುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಎರಡೂವರೆ ತಿಂಗಳಲ್ಲಿ ಅವಳ ಕುಪ್ಪಸದ ತೋಳುಗಳು ಸಡಿಲವಾಗಿದ್ದವು. ಅವಳು ಒಂದು ಕಡೆ, ನಾನು ಒಂದು ಕಡೆ ಓಡಾಡುವುದನ್ನು ನೋಡಿ ನಮ್ಮವರಿಗೆ ತಲೆ ತಿರುಗುತ್ತಿತ್ತು.

ಹಣವೇನೋ ಬ್ಯಾಂಕಿಗೆ ಬಂದಿತ್ತು. ಆದರೆ "ತೆರಿಗಿ ಎಷ್ಟ ಬರ್ತೈತಿ ಅನ್ನೂದು ಗೊತ್ತಾಗೂತನ ಒಂದ ರೂಪಾಯಿನೂ ಮುಟ್ಟಬ್ಯಾಡ್ರಿ" ಎಂದು ಆಡಿಟರ್ ಹೇಳಿದ್ದರು. ಇತ್ತ ಖೋಲಿಯ ಮಾಲಕ "ಶ್ರಾವಣ ಹಿಡಿಯೂದ್ರಾಗ ರೊಕ್ಕ ಕೊಡದಿದ್ರ ಬ್ಯಾರೆಯವ್ರಿಗೆ ಕೊಡ್ತೀನ್ರಿ" ಅಂತ ಎರಡು ಸಲ ಹೇಳಿ ಕಳಿಸಿದ್ದ.

ಮರುದಿನ ಜಮಖಂಡಿಯ ಆಡಿಟರ್ ಆಫೀಸಿನಲ್ಲಿ ಅಣ್ಣ, ನಾನು ಕೂತೆವು. ಆಡಿಟರ್ ಸಮಾಧಾನದ ಮನುಷ್ಯ. ಚಹಾ ತರಿಸಿ, ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು.

"ಹಿರ್ಯಾರ ಮನಿ ನಿಮಗ ಬಂತಲ್ಲ, ಅದಕ್ಕ ತೆರಿಗಿ ಇಲ್ಲ. ಆದ್ರ ಅದನ್ನ ಮಾರಿದ್ರಲ್ಲ, ಅದರಾಗ ಬಂದ ಲಾಭಕ್ಕೈತಿ. ನಿಮ್ಮಜ್ಜಾರು ಯಾವ ಕಾಲದಾಗ ಎಷ್ಟ ಖರ್ಚು ಮಾಡಿ ಕಟ್ಟಿದ್ರೋ ಯಾರಿಗೂ ಗೊತ್ತಿಲ್ಲ. ಅದಕ್ಕ ಕಾಯ್ದೆದಾಗ ಒಂದ ದಾರಿ ಐತಿ. ಎರಡ ಸಾವಿರದ ಒಂದನೇ ಇಸವಿ ಏಪ್ರಿಲ್ ಒಂದಕ್ಕ ಆ ಮನಿ ಎಷ್ಟ ಬಾಳ್ತಿತ್ತೋ ಅದನ್ನ ಅಸಲು ಅಂತ ಹಿಡೀಬಹುದು. ಮಾರಿದ್ರಾಗ ಆ ಅಸಲು ಕಳದ್ರ ಲಾಭ. ಅಸಲು ಹೆಚ್ಚಾದಷ್ಟು ಲಾಭ ಕಡಿಮಿ, ತೆರಿಗಿ ಕಡಿಮಿ. ತಿಳೀತಿಲ್ಲೋ?"

"ತಿಳೀತ್ರಿ" ಎಂದೆ. ಕಾಲು ಮಾತ್ರ ಟೇಬಲ್ಲಿನ ಕೆಳಗೆ ಕುಣಿಯುತ್ತಿತ್ತು.

"ಜಾಗಾದ್ದು ಆಗಿನ ಸರಕಾರಿ ದರ ರಿಜಿಸ್ಟ್ರಾರ್ ಆಫೀಸಿನ್ಯಾಗ ಸಿಗ್ತೈತಿ. ಅದಕ್ಕಿಂತ ಮ್ಯಾಲೆ ತೋರ್ಸಾಕ ಬರೂದಿಲ್ಲ, ಇರ್ಲಿ. ಆದ್ರ ಕಟ್ಟಡ ಎಷ್ಟಿತ್ತು, ಒಂದ ಮಾಳಗಿನೋ ಎರಡೋ, ಗ್ವಾಡಿ ಎಂಥಾವು, ಇದನ್ನ ಕಿಮ್ಮತ್ತ ಕಟ್ಟೋ ಇಂಜಿನಿಯರ್ ಬಂದು ನೋಡಿ ಬರದ ಕೊಡಬೇಕು. ನಗರಸಭೆ ಉತಾರದ ಕಾಗದದಾಗ ಬರೇ ಮನಿ ಅಂತೈತಿ, ಜಾಗಾದ ಉದ್ದ ಅಗಲ ಐತಿ, ಎಷ್ಟ ಕಟ್ಟಡ ಎಷ್ಟ ಹಿತ್ತಲ ಅಂತಿಲ್ಲ. ನಾಳೆ ಇಂಜಿನಿಯರ್‌ಗೆ ಮನಿ ತೋರ್ಸ್ತೀರಿ?"

ಅಣ್ಣ ನನ್ನ ಮುಖ ನೋಡಿದ. ನಾನು ಚಹಾದ ಕಪ್ಪು ನೋಡಿದೆ.

"ಮನಿ ಮಹಾಲಿಂಗಪುರದಾಗೈತ್ರಿ" ಎಂದ ಅಣ್ಣ.

"ಬನಹಟ್ಟಿ ಅಂದ್ರಿ?"

"ಜಾಗಾ ಬನಹಟ್ಟ್ಯಾಗರಿ. ಮನಿ ಕಟಗಿ ಅಡ್ಡಾದಾಗ."

ಆಡಿಟರ್ ಕನ್ನಡಕ ತೆಗೆದಿಟ್ಟರು. ಅವರಿಗೆ ನಗು ತಡೆಯಲಾಗಲಿಲ್ಲ, ನಮಗೆ ನಗುವ ಧೈರ್ಯವಿರಲಿಲ್ಲ.

ನಮ್ಮ ಕಡೆ ಇದೊಂದು ರೂಢಿ. ಹಳೆ ಮಾಳಿಗೆ ಮನೆ ಮಾರುವಾಗ ಖರೀದಿ ಪತ್ರದಲ್ಲಿ ಮನೆ ಸಮೇತ ಬರೆದರೂ "ಕಟಗಿ ನಮ್ಮದು, ಜಾಗಾ ನಿಮ್ಮದು" ಎಂದು ಬಾಯಿಮಾತಾಗಿರುತ್ತದೆ. ಪತ್ರವಾದ ವಾರದಲ್ಲೇ ಮಾರಿದವರು ತೊಲೆ, ಜಂತಿ, ಕಂಬ, ಬಾಗಿಲು ಬಿಚ್ಚಿಕೊಂಡು ಹೋಗುತ್ತಾರೆ. ಸಾಗವಾನಿ ಕಟ್ಟಿಗೆಗೆ ಬೆಲೆ ಚಲೋ ಬರುತ್ತದೆ. ನಮ್ಮಣ್ಣನೂ ಹಾಗೇ ಮಾಡಿಸಿದ್ದ. ಯುಗಾದಿಯ ಬೆನ್ನಿಗೇ ಮನೆ ಬಿಚ್ಚಿ ಟ್ರಾಕ್ಟರಿನಲ್ಲಿ ಹೇರಿ ಮಹಾಲಿಂಗಪುರದ ಕಟ್ಟಿಗೆ ವ್ಯಾಪಾರಿಗೆ ಕಳಿಸಿದರು, ಹೊಸ ಮಾಲಕರು ಜೆಸಿಬಿ ತಂದು ಗರಸು ಮಣ್ಣು ಹರವಿ ನೆಲ ಸಪಾಟು ಮಾಡಿಬಿಟ್ಟರು. ಮನೆಯ ಬೆಲೆ ಕಟ್ಟಲು ಮನೆ ಬೇಕಾಗುತ್ತದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಫೋಟೋ ಹುಡುಕ್ರಿ" ಎಂದರು ಆಡಿಟರ್. "ಏನೂ ಸಿಗಲಿಲ್ಲಂದ್ರ ಖಾಲಿ ಜಾಗಾದ ಬೆಲೆ ಅಷ್ಟ ಹಿಡೀತೀನಿ. ಆಗ ತೆರಿಗಿ ಭಾಳ ಬರ್ತೈತಿ. ನಿಮ್ಮಿಬ್ಬರಿಗೆ ಪಗಾರ ಐತಿ, ತಡಕೋತೀರಿ. ನಿಮ್ಮತ್ತಿಯವರದ ನೋಡ್ರಿ. ಅವರು ಮನಿ ಕೊಂಡಿದ್ರ ರಿಯಾಯಿತಿ ಸಿಗ್ತಿತ್ತು. ಲೀಸಿಗೆ ಅದು ಇಲ್ಲ."

ಕೊಳ್ಳಲು ಆ ಹಣಕ್ಕೆ ಬನಹಟ್ಟಿಯಲ್ಲಿ ಎಲ್ಲಿಯ ಮನೆ? ತೆರಿಗೆ ಹೋದರೆ ಲೀಸಿನ ಗಂಟು ತುಂಬುವುದಿಲ್ಲ. ಲೀಸ್ ತಪ್ಪಿದರೆ ಅತ್ತಿ ಬದುಕಿರುವವರೆಗೆ ನನ್ನ ಹಾಲ್‌ನಿಂದ ಬಾಗಿಲಿಗೆ ಓಡಾಡಬೇಕು. ಅಣ್ಣ, ನಾನು ತುಂಬಿಕೊಡುತ್ತೇವೆ ಅಂದರೆ ಆ ಹೆಣ್ಣುಮಗಳು ಒಪ್ಪುವವಳಲ್ಲ. ಜಮಖಂಡಿಯಿಂದ ಮುಧೋಳದ ಬಸ್ಸಿನಲ್ಲಿ ಸೀಟು ಇದ್ದರೂ ನಾನು ನಿಂತೇ ಬಂದೆ.

ಮನೆಗೆ ಬಂದವಳೇ ಕಪಾಟಿನಲ್ಲಿದ್ದ ಫೋಟೋಗಳನ್ನೆಲ್ಲ ಹಾಸಿಗೆಯ ಮೇಲೆ ಸುರುವಿದೆ. ಅಣ್ಣನ ಮದುವೆ, ನನ್ನ ಸೀಮಂತ, ಮಕ್ಕಳ ಜಾವಳ, ಎಲ್ಲ ಆ ಮನೆಯಲ್ಲೇ ಆದದ್ದು. ಆದರೆ ಒಂದರಲ್ಲಾದರೂ ಮನೆ ಕಾಣಬೇಕಲ್ಲ! ಫೋಟೋದವನ ಮುಂದೆ ನಮ್ಮ ಮಂದಿ ಎಷ್ಟು ಒತ್ತಾಗಿ ನಿಂತಿದ್ದಾರೆಂದರೆ ಗೋಡೆಯ ಒಂದು ಮೊಳವೂ ಕಾಣುವುದಿಲ್ಲ. ಕಂಡಲ್ಲಿ ಬಾಡಿಗೆ ಪರದೆ ಕಟ್ಟಿದ್ದಾರೆ. ಅಟ್ಟದ ಮೆಟ್ಟಿಲಾದರೂ ಕಾಣುತ್ತದೆಂದು ಒಂದನ್ನು ಹಿಡಿದರೆ ಅದರ ಮುಂದೆ ಅವ್ವನ ಕಡೆಯ ನಮ್ಮ ದೊಡ್ಡಪ್ಪ ಪೇಟ ಸುತ್ತಿಕೊಂಡು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಸತ್ತವರಿಗೆ ಬೈಯಬಾರದು, ಆದರೂ ಅವತ್ತು ಬೈದೆ.

"ಏನ್ ಹುಡಕಾಕತ್ತಿ?" ಎಂದಳು ಅತ್ತಿ ಬಾಗಿಲಲ್ಲಿ ನಿಂತು.

"ನಮ್ಮ ಮನಿ, ಅತ್ತಿ."

"ಮುರದ ಮ್ಯಾಲ?" ಎಂದು ಒಳಗೆ ಹೋದಳು.

ಎರಡು ದಿನ ಬಿಟ್ಟು ಇಂಜಿನಿಯರ್ ಬನಹಟ್ಟಿಗೆ ಬರುವುದೆಂದಾಯಿತು. ಖೋಲಿ ಮಾಲಕನನ್ನೂ ಸಮಾಧಾನ ಮಾಡಬೇಕಿತ್ತು, ಹಾಗಾಗಿ ಅತ್ತಿಯನ್ನು ಕರೆದುಕೊಂಡು ಹೋದೆ. ಓಣಿ ಬಾಯಿಗೆ ಬಂದಾಗ ಪಾವರ್‌ಲೂಮಿನ ಖಟಾಖಟಾ ಕೇಳಿಸಿತು. ಅತ್ತಿಯ ಮುಖದ ಮೇಲೆ ಎರಡೂವರೆ ತಿಂಗಳಲ್ಲಿ ಕಾಣದ ಬೆಳಕು ಬಂತು. ಆದರೆ ನಮ್ಮ ಜಾಗದ ಕಡೆ ಹೊರಳಲು ಆಟೋ ಸಿದ್ಧವಾದಾಗ "ನನ್ನ ಇಲ್ಲೇ ಇಳಸು. ಆ ಬೋಳ ಜಾಗಾ ನಾ ನೋಡಂಗಿಲ್ಲ" ಎಂದು ಓಣಿಯ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಮನೆ ಬಿಚ್ಚಿದ ಮೇಲೆ ಅವಳು ಅತ್ತ ಕಾಲಿಟ್ಟಿರಲಿಲ್ಲ.

ಅಣ್ಣ ಮೊದಲೇ ಬಂದು ಜಾಗದಲ್ಲಿ ನಿಂತಿದ್ದ. ಇಂಜಿನಿಯರ್ ಮೋಟರ್ ಸೈಕಲ್ಲಿನಿಂದ ಇಳಿದು, ಟೇಪು ಹಿಡಿದು, ಗರಸು ಹರವಿದ ಜಾಗ ನೋಡಿದರು. ಆಮೇಲೆ ಅಣ್ಣನನ್ನು ನೋಡಿದರು.

"ಏನ್ ಅಳೀಲ್ರಿ ಸರ? ಗಾಳಿ?"

ಅಷ್ಟರಲ್ಲಿ ಓಣಿಯ ಮಂದಿ ನೆರೆದರು. ಪ್ರತಿಯೊಬ್ಬರೂ ನಮ್ಮ ಮನೆ ಹೀಗಿತ್ತು, ಹಾಗಿತ್ತು ಎಂದು ಹೇಳತೊಡಗಿದರು. ಒಬ್ಬರು ಪಡಸಾಲೆ ಇಲ್ಲಿತ್ತು ಅಂದರೆ ಇನ್ನೊಬ್ಬರು "ಏ, ಅದು ದನದ ಕೊಟ್ಟಿಗಿ, ಪಡಸಾಲಿ ಅಲ್ಲಿ" ಎಂದರು. ನಾವೇ ಹುಟ್ಟಿ ಬೆಳೆದ ಮನೆಯಲ್ಲಿ ಅಡುಗೆಮನೆಯ ಬಾಗಿಲು ಎಡಕ್ಕೋ ಬಲಕ್ಕೋ ಎಂದು ನಾನೂ ಅಣ್ಣನೂ ಜಗಳಾಡಿದೆವು. ನೆಲ ಸಪಾಟಾದ ಮೇಲೆ ಎಲ್ಲ ಎಷ್ಟು ಸಣ್ಣದಾಗಿ ಕಾಣುತ್ತಿತ್ತೆಂದರೆ, ಅಷ್ಟು ಮಂದಿ ಇದರಲ್ಲಿ ಹೇಗಿದ್ದೆವು ಎಂದು ನನಗೇ ಅನುಮಾನ ಬಂತು. ಇಂಜಿನಿಯರ್ ಟೇಪು ಜೇಬಿಗೆ ಹಾಕಿಕೊಂಡರು.

"ಬಾಯಿಲೇ ಹೇಳಿದ್ದು ಬರ್ಯಾಕ ಬರೂದಿಲ್ರಿ. ಕಣ್ಣಿಗಿ ಕಂಡದ್ದಷ್ಟ ಬರೀತೀನಿ" ಎಂದು ಗಾಡಿಗೆ ಕಾಲು ಹಾಕಿದವರು ಹಾಗೇ ನಿಂತರು. ಪಕ್ಕದ ಈರಪ್ಪ ಕಾಕಾನ ಮನೆಯ ಗೋಡೆ ನೋಡುತ್ತಿದ್ದರು.

ನಮ್ಮದಕ್ಕೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ ಇತ್ತು. ನಮ್ಮ ಮನೆ ಹೋದ ಮೇಲೆ ಅದು ಬಯಲಿಗೆ ಬಿದ್ದಿತ್ತು. ಕೆಳಗೆ ಒಂದು ಸಾಲು, ಮೇಲೆ ಒಂದು ಸಾಲು ತೊಲೆ ಕಿತ್ತ ತೂತುಗಳು. ಒಂದು ತೂತಿನಿಂದ ಇನ್ನೊಂದಕ್ಕೆ ಒಂದೊಂದು ಅಂಕಣ. ಮೆಟ್ಟಿಲು ಹತ್ತಿದ ಗುರುತು ಓರೆಯಾಗಿ ಮೇಲೆ ಹೋಗಿತ್ತು. ದೀಪದ ಮಾಡ, ಅದರ ಮೇಲೆ ಎಣ್ಣೆಯ ಕಪ್ಪು. ಪಡಸಾಲೆಯ ನೀಲಿ ಸುಣ್ಣ ಮುಗಿದು ದೇವರ ಖೋಲಿಯ ಹಳದಿ ಸುಣ್ಣ ಶುರುವಾಗುವ ಗೆರೆ. ತುದಿಯಲ್ಲಿ ಅಡುಗೆಮನೆಯ ಮಸಿ, ಅದರಾಚೆ ಬರೀ ಕಲ್ಲು. ಅಲ್ಲಿಂದ ಹಿತ್ತಲು. ನಮ್ಮ ಇಡೀ ಮನೆ ಆ ಗೋಡೆಗೆ ಅಂಟಿಕೊಂಡಿತ್ತು.

ಆದರೆ ಆ ಗೋಡೆಗೆ ಏಣಿ ಹಾಕಿಕೊಂಡು ಗೌಂಡಿಯೊಬ್ಬ ಮೇಲಿನಿಂದ ಸಿಮೆಂಟ್ ಹಚ್ಚುತ್ತ ಬರುತ್ತಿದ್ದ. ಮೇಲಿನ ಸಾಲಿನ ಎರಡು ತೂತು ಆಗಲೇ ಮುಚ್ಚಿದ್ದವು.

"ನಿಲ್ಲಸ್ರಿ ಅದನ್ನ!" ಎಂದು ಇಂಜಿನಿಯರ್ ಕೂಗಿದರು. "ಇದ ನಿಮ್ಮ ಮನಿ! ಇದ ಬೇಕು ನನಗ!"

ಅಣ್ಣ ಓಡಿಹೋಗಿ ಏಣಿ ಹಿಡಿದುಕೊಂಡ. "ಇಳೀಪಾ, ಇಳಿ ಕೆಳಗ!" ಗದ್ದಲ ಕೇಳಿ ಈರಪ್ಪ ಕಾಕಾ ಹೊರಗೆ ಬಂದ. ಮೈಮೇಲೆಲ್ಲ ನೂಲಿನ ದೂಳು. ಬಂದವನೇ ಅಣ್ಣನ ಕೈಯನ್ನು ಏಣಿಯಿಂದ ಬಿಡಿಸಿದ.

"ಏನ್ಲೇ ಮಲ್ಲ್ಯಾ, ಈಗ ಬಂದೇನು? ಮನಿ ಬಿಚ್ಚೂಮುಂದ ನನ್ನ ಗ್ವಾಡ್ಯಾಗಿನ ತೊಲಿ ಕಿತಗೊಂಡ ಹೋದಿ. ತೂತ ಮುಚ್ಚಿಸಿ ಕೊಡೋ, ಮಳಿ ಬಂದ್ರ ಒಳಗ ಮಗ್ಗ ಅದಾವ ಅಂತ ನಿನ್ನ ಬೆನ್ನ ಹತ್ತಿದ್ನಿ. ಏನಂದಿ? ಹೊಸಾ ಮಾಲಕರನ್ನ ಕೇಳು ಅಂದಿ. ಹೌದಿಲ್ಲೋ?"

ಅಣ್ಣ ಏಣಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

"ಎರಡ ಮಳಿ ಆದವು. ಮಗ್ಗದ ಮ್ಯಾಲಿನ ನೂಲು ತೊಯ್ದ ಹಾಳಾತು. ನನ್ನ ರೊಕ್ಕಾ ಹಾಕಿ ಸಿಮೆಂಟ್ ಕಲಸೀನಿ. ಈಗ ನಿಲ್ಲಸು ಅಂತೀ? ಏ ಗೌಂಡಿ, ಹಚ್ಚೊ ನೀ!"

"ಕಾಕಾ, ಒಂದ ತಾಸು" ಎಂದೆ ನಾನು. "ಅಳತಿ ಮಾಡಿ ಫೋಟೋ ತೆಗದ್ರ ಆತು. ಆಮ್ಯಾಲೆ ನಾವ ಹಚ್ಚಿಸಿ ಕೊಡ್ತೀವಿ."

"ನಿಮ್ಮ ಮಾತು ಕೇಳಿ ಕೇಳಿ ಸಾಕಾಗೇತಿ ತಂಗಿ. ಆಕಾಶ ನೋಡು."

ನಿಜವೇ. ರಬಕವಿ ಕಡೆಯಿಂದ ಕರ್ರಗೆ ಮೋಡ ಏರುತ್ತಿತ್ತು. ಕಲಸಿದ ಸಿಮೆಂಟ್ ಗಟ್ಟಿಯಾಗುವ ಹೊತ್ತು. ಗೌಂಡಿ ಕರಣೆ ಎತ್ತಿದ. ಮೂರನೇ ತೂತಿನ ಮೇಲೆ ಸಿಮೆಂಟ್ ಬಿತ್ತು. ನನಗೆ ಏನು ಮಾಡಲೂ ತಿಳಿಯದೆ ಗುಡಿಯ ಕಟ್ಟೆಗೆ ಓಡಿದೆ.

"ಅತ್ತಿ, ಏಳಬೇ. ಈರಪ್ಪ ಕಾಕಾ ಗ್ವಾಡಿಗೆ ಸಿಮೆಂಟ್ ಹಚ್ಚಾಕತ್ತಾನ. ಅದರ ಮ್ಯಾಲೆ ನಮ್ಮ ಮನಿ ಗುರುತ ಐತಿ. ಅದು ಹೋತಂದ್ರ ನಿನ್ನ ಖೋಲಿ ಹೋತು. ನಿನ್ನ ಮಾತಾದ್ರ ಕಾಕಾ ಕೇಳ್ತಾನ."

"ಎದಕ ಹಚ್ಚಾಕತ್ತಾನ?"

ಅವಸರದಲ್ಲೇ ಎಲ್ಲ ಹೇಳಿದೆ, ತೂತು, ಮಳೆ, ತೊಯ್ದ ನೂಲು, ಅಣ್ಣ ಅಂದ ಮಾತು. ಅತ್ತಿ ಸೆರಗು ಬಿಗಿದುಕೊಂಡು ನಡೆದಳು. ಆ ಬೋಳು ಜಾಗಕ್ಕೆ ಬಂದಾಗ ಒಂದು ಕ್ಷಣ ನಿಂತಳು. ಹೊಸ್ತಿಲಿದ್ದ ಕಡೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಗರಸಿನ ಮೇಲೆ ನಡೆದು ಹೋಗಿ ಅಣ್ಣನ ಮುಂದೆ ನಿಂತಳು.

"ಮಲ್ಲ್ಯಾ, ಆತನ ಮನಿ ಸೋರಾಕತ್ತಿತ್ತು. ನನಗ ಯಾಕ ಹೇಳಲಿಲ್ಲ?"

"ಅತ್ತಿ, ಅದು..."

"ನಾಚಿಕಿ ಬರಬೇಕು ನಿನಗ. ಅರವತ್ತ ವರ್ಷ ಒಂದ ಗ್ವಾಡಿ ಮ್ಯಾಲೆ ಎರಡ ಮನಿ ನಿಂತಿದ್ದವು."

ಆಮೇಲೆ ಕಾಕಾನ ಕಡೆ ತಿರುಗಿದಳು. ಈಗ ಕೇಳುತ್ತಾಳೆ, ಕಾಕಾ ಕರಗುತ್ತಾನೆ ಎಂದು ನಾನು ಕಾದೆ.

"ಈರಪ್ಪಾ, ಹಚ್ಚಿಸೋ ನೀ. ಮಳಿ ಬರಾಕತ್ತೈತಿ. ಒಳಗ ಮಗ್ಗ ತೊಯ್ಯಬಾರದು" ಎಂದಳು.

ನಾನು ಅವಳ ತೋಳು ಹಿಡಿದೆ. "ಅತ್ತಿ! ಏನ್ ಅನ್ನಾಕತ್ತಿ ನೀ? ನಿನ್ನ ಖೋಲಿ..."

"ಸುಮ್ನಿರು ಬೇ. ನನ್ನ ಖೋಲಿ ಸಲುವಾಗಿ ಅವನ ಮನಿ ತೋಯಿಸಲೇನು?"

ಗೌಂಡಿ ಕರಣೆ ಹಿಡಿದು ಕಾಕಾನ ಮುಖ ನೋಡುತ್ತಿದ್ದ. ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ಅತ್ತಿಯನ್ನೂ ಆಕಾಶವನ್ನೂ ನೋಡಿದ.

"ಯಾವ ಖೋಲಿ ನೀಲಕ್ಕ?"

ಅತ್ತಿ ಅಡುಗೆಮನೆಯ ಮಸಿಯ ಕಡೆ ನಡೆದಳು. ನಾನೇ ಹೇಳಿದೆ. ಈ ಓಣಿಯಲ್ಲೇ ಇರಬೇಕೆಂದು ಅವಳು ಹಟ ಹಿಡಿದದ್ದು, ತೆರಿಗೆ ಹೆಚ್ಚಾದರೆ ಲೀಸ್ ತಪ್ಪುವುದು, ಮುಧೋಳದಲ್ಲಿ ಅವಳಿಗೆ ಅನ್ನ ಸೇರದಿದ್ದದ್ದು, ಎಲ್ಲ. ಹೇಳುತ್ತ ಹೇಳುತ್ತ ನನಗೆ ಅಳು ಬಂತು.

ಕಾಕಾ ಗೌಂಡಿಗೆ ಕೂಗಿದ. "ಏ, ಇಳಿ ಕೆಳಗ! ಮುಚ್ಚಿದ್ದ ಮೂರೂ ತೂತಿನ್ಯಾಗ ಸಿಮೆಂಟ್ ಹಸೀ ಐತಿ, ತಗಿ ಅದನ್ನ."

"ಕಲಸಿದ್ದ ಸಿಮೆಂಟ್ ಏನ್ ಮಾಡ್ಲಿ ಕಾಕಾ?" ಎಂದ ಗೌಂಡಿ.

"ನಮ್ಮ ಬಚ್ಚಲ ಒಡದೈತಿ, ಅಲ್ಲಿ ಬಳಿ ಹೋಗು. ಇಂಜಿನಿಯರ್ ಸಾಹೇಬ್ರ, ಲಗೂನ ಅಳ್ಕೋರಿ. ಮಳಿ ನಿಮ್ಮ ಹಾದಿ ಕಾಯೂದಿಲ್ಲ."

ಇಂಜಿನಿಯರ್ ಏಣಿ ಹತ್ತಿದರು. ಕಾಕಾ ಕೆಳಗೆ ಟೇಪಿನ ತುದಿ ಹಿಡಿದ. ಅಣ್ಣ ಬರೆದುಕೊಂಡ. ಅಂಕಣ, ಎತ್ತರ, ಮೆಟ್ಟಿಲು, ಮೇಲಿನ ಖೋಲಿ. ಆ ಮೇಲಿನ ಖೋಲಿ ಎರಡು ಸಾವಿರದ ಒಂದರ ಈಚೆಗೆ ಕಟ್ಟಿದ್ದಿರಬಹುದು, ಹಾಗಿದ್ದರೆ ಲೆಕ್ಕಕ್ಕೆ ಬಾರದು ಎಂದು ಅವರಿಗೆ ಸಂಶಯವಿತ್ತು. ತೂತಿನೊಳಗೆ ಕೈ ಹಾಕಿ ಕೆರೆದು ನೋಡಿದರು. "ಮ್ಯಾಲೂ ಮಣ್ಣಿನ ಗಾರೇನ ಐತ್ರಿ, ಕೆಳಗಿನಂಗ. ಹಳೇದ ಐತಿ, ಬರೀತೀನಿ" ಎಂದರು.

ಅತ್ತಿ ಅಡುಗೆಮನೆಯ ಮಸಿಯ ಹತ್ತಿರ ನಿಂತಿದ್ದಳು. ಇಂಜಿನಿಯರ್ ಅಲ್ಲಿಗೆ ಬಂದು ಫೋಟೋ ತೆಗೆಯುವಾಗ ಕೇಳಿದಳು:

"ಇದು ನಾ ಊದಿದ ಒಲಿ ಹೊಗಿ ಐತ್ರಿ ಸಾಹೇಬ್ರ. ಇದಕ್ಕ ಎಷ್ಟ ಕಿಮ್ಮತ್ತ ಹಾಕ್ತೀರಿ?"

ಅವರು ನಕ್ಕರು. "ಹೊಗಿಗೆ ಕಿಮ್ಮತ್ತ ಇಲ್ಲವ್ವಾ. ಆದ್ರ ಅಡಗಿಮನಿ ಇಲ್ಲಿತನ ಇತ್ತು ಅನ್ನಾಕ ಇದರಂಥಾ ಸಾಕ್ಷಿ ಬ್ಯಾರೆ ಇಲ್ಲ."

ಅಳತೆ ಮುಗಿಯಿತು. ಹನಿ ಉದುರತೊಡಗಿತ್ತು. ಅಣ್ಣ ತಾನೇ ಗೌಂಡಿಗೆ ಹೊಸ ಸಿಮೆಂಟ್ ಚೀಲ ತರಿಸಿಕೊಟ್ಟು, ಪಗಾರವನ್ನೂ ತಾನೇ ಕೊಡುವುದಾಗಿ ಕಾಕಾನ ಮುಂದೆ ತಲೆ ತಗ್ಗಿಸಿ ಹೇಳಿದ. ಕಾಕಾ "ಆತ್ ಬಿಡ್ಲೇ" ಎಂದ, ಆದರೆ ಬೇಡ ಅನ್ನಲಿಲ್ಲ. ಮೇಲಿನಿಂದ ಪ್ಲಾಸ್ಟರ್ ಇಳಿದು ಬರುವಾಗ ನಾನು ಕಾಕಾನ ಹತ್ತಿರ ಹೋದೆ. "ಕಾಕಾ, ಆ ದೀಪದ ಮಾಡ ಒಂದ ಹಂಗ ಬಿಡಸ್ರಿ. ನೆನಪಿಗೆ ಇರ್ಲಿ" ಎಂದೆ.

ಅತ್ತಿ ನನ್ನ ಕೈ ಹಿಡಿದು ಎಳೆದಳು. "ಹುಚ್ಚಿ, ಅಲ್ಲಿಂದ ನೀರ ಇಳೀತೈತಿ. ನೆನಪ ಬೇಕಂದ್ರ ಮುರಿಯೂಮುಂದ ಬೇಕಂತಿತ್ತು." ಮೂವರೂ ಕಾಕಾನ ಪಡಸಾಲೆಯಲ್ಲಿ ನಿಂತು ಚಹಾ ಕುಡಿದೆವು, ಹೊರಗೆ ಮಳೆ ಹೊಡೆಯಿತು.

ಇಂಜಿನಿಯರ್ ವರದಿ ಬಂದ ಮೇಲೆ ಮೂವರೂ ಆಡಿಟರ್ ಹತ್ತಿರ ಹೋದೆವು. ಕಟ್ಟಡದ ಬೆಲೆ ಸೇರಿದ್ದರಿಂದ ಅಸಲು ಏರಿತ್ತು, ಲಾಭ ಇಳಿದಿತ್ತು. ಅತ್ತಿಯ ಹೆಸರಿನಲ್ಲಿ ಬೇರೆ ಆದಾಯವಿಲ್ಲದ್ದರಿಂದ ಅವಳ ತೆರಿಗೆ ಇನ್ನೂ ಕಡಿಮೆ. ಲೀಸಿನ ಗಂಟಿಗೆ ಏನೂ ತೊಂದರೆಯಿಲ್ಲ ಎಂದರು ಆಡಿಟರ್. ನಾನು ಎದ್ದು ನಿಂತು ಅತ್ತಿಯ ಎರಡೂ ಕೈ ಹಿಡಿದುಕೊಂಡೆ. ಅಣ್ಣನಿಗೆ ಅಷ್ಟಕ್ಕೆ ಸಮಾಧಾನವಿಲ್ಲ.

"ಅತ್ತೀದು ಅಷ್ಟರ ಪೂರಾ ಸೊನ್ನಿ ಮಾಡಾಕ ಬರೂದಿಲ್ಲೇನ್ರಿ?" ಎಂದ.

"ಏನ್ ಸೊನ್ನಿ?" ಎಂದಳು ಅತ್ತಿ.

"ನೀ ತೆರಿಗಿ ಕಟ್ಟೂದ ಬ್ಯಾಡ ಆಗ್ತೈತಿ ಅತ್ತಿ."

ಅತ್ತಿ ಆಡಿಟರ್ ಕಡೆ ತಿರುಗಿದಳು. "ಸಾಹೇಬ್ರ, ಈ ತೆರಿಗಿ ಯಾರ ಕಟ್ಟಬೇಕ್ರಿ?"

"ಮನಿ ಯಾರದಿತ್ತೋ ಅವರು ಕಟ್ಟಬೇಕವ್ವಾ. ಮಾಲಕರು."

"ಬಾಡಿಗಿ ಇದ್ದವರು, ಮನ್ಯಾಗ ಸುಮ್ಮ ಇಟ್ಟಗೊಂಡವರು, ಅವರು?"

"ಅವರಿಗೆ ಎಲ್ಲೀದ್ರಿ ತೆರಿಗಿ?"

ಅತ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆಮೇಲೆ "ಹಂಗಾರ ಸೊನ್ನಿ ಬ್ಯಾಡ್ರಿ. ಎಷ್ಟ ಬರ್ತೈತೋ ಅಷ್ಟ ಹಚ್ರಿ. ನಾ ಕಟ್ಟತೀನಿ" ಎಂದಳು.

ಚಲನ್ ನಾವೇ ಮೊಬೈಲಿನಲ್ಲಿ ಕಟ್ಟಿಬಿಡುತ್ತೇವೆ ಎಂದರೂ ಕೇಳಲಿಲ್ಲ. ಅಲ್ಲೇ ಹತ್ತಿರದ ಬ್ಯಾಂಕಿಗೆ ಕರೆದುಕೊಂಡು ಹೋಗು ಎಂದಳು. ಸಾಲಿನಲ್ಲಿ ನಿಂತಳು. ನಮ್ಮ ಕಡೆ ಕೊಡ್ರಿ, ನೀವು ಕೂಡ್ರಿ ಎಂದು ಯಾರೋ ಜಾಗ ಬಿಟ್ಟರೂ ಕೂರಲಿಲ್ಲ. ತನ್ನ ಕೈಯಿಂದಲೇ ದುಡ್ಡು ಒಳಗೆ ಸರಿಸಿದಳು. ಪಾವತಿ ಚೀಟಿ ಬಂದಾಗ ನನ್ನ ಕೈಗಿಟ್ಟು "ಓದು" ಎಂದಳು.

"ನೀಲವ್ವ..." ಎಂದು ಶುರುಮಾಡಿದೆ.

"ದೊಡ್ಡದಾಗಿ ಓದ ಬೇ."

ಬ್ಯಾಂಕಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಅವಳ ಪೂರ್ತಿ ಹೆಸರು ಓದಿದೆ. ಅತ್ತಿ ಪಾವತಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮೆಟ್ಟಿಲು ಇಳಿಯುವಾಗ ನನ್ನ ಭುಜ ಹಿಡಿದು, ನಗುತ್ತ, ಯಾರದೋ ಚಾಡಿ ಹೇಳುವವಳ ಹಾಗೆ ಮೆಲ್ಲಗೆ ಅಂದಳು:

"ಗಂಡ ಸತ್ತ ಬಂದಾಗಿಂದ ಯಾರ ಕೇಳಿದ್ರೂ ಅಣ್ಣನ ಮನ್ಯಾಗ ಅದೇನಿ ಅಂತಿದ್ನಿ, ಗಿರಿಜಾ. ಖರೆ ಅಂದ್ರ ನಾ ನನ್ನ ಮನ್ಯಾಗ ಇದ್ನಿ."

ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತು ಅತ್ತುಬಿಟ್ಟೆ. ಈಗ ಅತ್ತಿ ತನ್ನ ಎರಡು ಖೋಲಿಯಲ್ಲಿ, ಮಗ್ಗಗಳ ಸಪ್ಪಳದ ನಡುವೆ ಸುಖವಾಗಿದ್ದಾಳೆ. ಉಂಡು ಮೈಗೂಡಿದ್ದಾಳೆ. ಅವಳ ಚಡಪಡಿಕೆ ಮುಗಿಯಿತು. ನನ್ನದು ಮುಗಿದಿಲ್ಲ. ಮನೆ ನಿಂತಿದ್ದಾಗ ಅದು ಅವಳದೂ ಹೌದೆಂದು ನಾವು ಯಾರೂ ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ. ಅದನ್ನು ಅವಳು ತೆರಿಗೆ ಕಟ್ಟಿ ತಿಳಿದುಕೊಳ್ಳಬೇಕಾಯಿತು. ಆ ಮಾತು ನೆನಪಾದಾಗಲೆಲ್ಲ, ಕೈಯಲ್ಲಿ ಏನೇ ಕೆಲಸವಿರಲಿ, ಎದ್ದು ಓಡಾಡುತ್ತೇನೆ.